ಎಡಗಡೆಯ ಮೂರನೇ ಕಲ್ಲು

ಕಾಡನ್ನೂ ಕೋಟೆಯನ್ನೂ ಒಟ್ಟಿಗೆ ಕಾಯುತ್ತಿರುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಅಭಯಾರಣ್ಯದೊಳಗಿನ ಪಾಳುಕೋಟೆಯ ಕಮಾನಿನಲ್ಲಿ ಒಂದು ಕಲ್ಲು ಸಡಿಲವಾಗಿದೆ. ಅದನ್ನು ಕಂಡುಹಿಡಿದ ನನ್ನ ಅಪ್ಪನಿಗೆ ನಿಮ್ಮ ಕಾವಲುಗಾರರು ಸೀಟಿ ಊದಿದರು. ನನ್ನ ತಕರಾರು ಇಷ್ಟೇ, ಉಳಿದದ್ದು ವಿವರ.

ಹೋದ ತಿಂಗಳು ಒಂದು ಭಾನುವಾರ ಅಪ್ಪನನ್ನು ಕರೆದುಕೊಂಡು ಬಂದಿದ್ದೆ. ನಿಮ್ಮ ಬಸ್ಸಿನ ಏರ್ಪಾಡಿನ ಬಗ್ಗೆ ಎರಡು ಮಾತಿಲ್ಲ. ಕರಡಿ ತೋರಿಸುತ್ತೇವೆಂದು ಎರಡು ಗಂಟೆ ಸುತ್ತಿಸಿ, ಕರಡಿ ಮರ ಕೆರೆದ ಗುರುತು ತೋರಿಸಿದಿರಿ. ಭಾನುವಾರ ಕರಡಿಗೂ ರಜೆ ಬೇಡವೇ? ಕೊನೆಗೆ ಕೋಟೆಯ ಮುಂದೆ ಹದಿನೈದು ನಿಮಿಷ ಇಳಿಸಿದಿರಿ. ಅಪ್ಪ ಕಲ್ಲುಕೆಲಸದ ಮೇಸ್ತ್ರಿಯಾಗಿದ್ದವರು. ನೇರ ಹೋಗಿ ಕಮಾನಿನ ಎಡಗಡೆಯ ಮೂರನೇ ಕಲ್ಲನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿಯಿಟ್ಟರು. ಗಟ್ಟಿಯಾಗಿ ಕೂತ ಕಲ್ಲಿನ ಸದ್ದೇ ಬೇರೆ, ಬಿಟ್ಟುಕೊಂಡದ್ದರ ಸದ್ದೇ ಬೇರೆಯಂತೆ. ಎರಡನೇ ಸಲ ಬಡಿಯುವಷ್ಟರಲ್ಲಿ ಸೀಟಿ.

"ಅಜ್ಜಾ, ಮುಟ್ಟಬೇಡಿ. ಎಂಟುನೂರು ವರ್ಷದ ಕಲ್ಲು ಅದು."

"ಇಲ್ಲಪ್ಪ, ಇದಕ್ಕೆ ಮೂವತ್ತೊಂದೇ. ನಾನೇ ಕೂರಿಸಿದ್ದು."

ಬಸ್ಸಿಗೆ ಬಸ್ಸೇ ನಕ್ಕಿತು. ಅಪ್ಪ ಕೈಕಟ್ಟಿಕೊಂಡು ಬಂದು ತಮ್ಮ ಸೀಟಿನಲ್ಲಿ ಕೂತರು. ಕುಸಿದಿದ್ದ ಆ ಕಮಾನನ್ನು ದುರಸ್ತಿ ಮಾಡಿದವರಲ್ಲಿ ಅವರೂ ಒಬ್ಬರೆಂದು ನನಗೆ ಗೊತ್ತಾದದ್ದೇ ಆಮೇಲೆ. ಅಷ್ಟು ಹೊತ್ತೂ ಕಮಾನಿನ ಮೇಲೆ ಕೋತಿಗಳ ಸಂಸಾರವೊಂದು ಕುಣಿಯುತ್ತಿತ್ತು. ಅವಕ್ಕೆ ಸೀಟಿಯಿಲ್ಲ. ಅವು ಇಲಾಖೆಯ ಕಾಯಂ ಸಿಬ್ಬಂದಿಯೇ?

ನಿಮ್ಮ ಕಚೇರಿಗೆ ಬರೆದೆ. "ಸದರಿ ಕೋಟೆಯ ನಿರ್ಮಾಣದಲ್ಲಿ ತಮ್ಮ ತಂದೆಯವರು ಭಾಗವಹಿಸಿದ್ದಕ್ಕೆ ದಾಖಲೆಗಳು ಲಭ್ಯವಿಲ್ಲ" ಎಂದು ಉತ್ತರ ಬಂತು. ಒಪ್ಪಿದೆ ಸ್ವಾಮಿ. ಅವರಿಗೆ ಎಪ್ಪತ್ತಾರು, ಎಂಟುನೂರಲ್ಲ. ಆದರೆ ದುರಸ್ತಿಯ ಕಡತ ಎಂಬುದೊಂದು ಇರುತ್ತದಲ್ಲ, ಅದನ್ನು ತೆಗೆದು ನೋಡದಂತೆ ಯಾರು ಸೀಟಿ ಊದಿದರು?

ಅಪ್ಪನಿಗೆ ಹೊಗಳಿಕೆ ಬೇಡ, ಫಲಕದಲ್ಲಿ ಹೆಸರೂ ಬೇಡ. ಊಟಕ್ಕೆ ಕೂತವರು ತುತ್ತು ನಿಲ್ಲಿಸಿ, "ಅದರ ಕೆಳಗೆ ಮಕ್ಕಳನ್ನ ನಿಲ್ಲಿಸಿ ಫೋಟೋ ತೆಗೀತಾರೆ ಕಣಮ್ಮ. ಕಲ್ಲು ನಂದು" ಎನ್ನುತ್ತಾರೆ. ಅವರ ಮುಖ ನೋಡಿದರೆ ನನಗೆ ಸಂಕಟವಾಗುತ್ತದೆ.

ಆದ್ದರಿಂದ ಮೊದಲು ಆ ಕಮಾನಿನ ಸುತ್ತ ಹಗ್ಗ ಕಟ್ಟಿಸಿ ಜನರನ್ನು ದೂರ ನಿಲ್ಲಿಸಿ. ಆಮೇಲೆ ನಿಮ್ಮ ಎಂಜಿನಿಯರರನ್ನು ಪಕ್ಕದಲ್ಲೇ ಇಟ್ಟುಕೊಂಡು, ಅಪ್ಪನಿಗೆ ಆ ಕಲ್ಲನ್ನು ಇನ್ನೊಂದು ಸಲ ಬಡಿಯಲು ಬಿಡಿ. ಅವರ ಮಾತು ತಪ್ಪಾದರೆ ಎಲ್ಲರೂ ಮತ್ತೊಮ್ಮೆ ನಕ್ಕುಬಿಡಿ, ಅಪ್ಪನೂ ನಗುತ್ತಾರೆ. ನನ್ನನ್ನು ಮಾತ್ರ ಆ ಲೆಕ್ಕಕ್ಕೆ ಸೇರಿಸಬೇಡಿ.

ಇಂತಿ,
ಅಂದು ಎಲ್ಲರಿಗಿಂತ ಮೊದಲು ನಕ್ಕವಳು,
ಮೇಸ್ತ್ರಿಯ ಮಗಳು