ಕಾರಣ ಎಂಬ ಖಾನೆ

ಲಕ್ಷ್ಮೇಶ್ವರ
ಏಪ್ರಿಲ್ ಕೊನೆಯ ಮಂಗಳವಾರ

ನೀಲಾ,

ಪ್ರೀತಿಯ ಎಂದು ಬರೆಯಲು ಕೈ ಏಳಲಿಲ್ಲ. ಊರಿನ ಅಧಿಕಾರಿಗೆ ಬರೆದ ಹಾಗೆ ಮಾನ್ಯರೇ ಎನ್ನಲು ಮನಸ್ಸು ಒಪ್ಪಲಿಲ್ಲ. ಹಾಗಾಗಿ ಬರೀ ಹೆಸರು. ಇಪ್ಪತ್ತೆರಡು ವರ್ಷ ಜೊತೆಗೆ ರೊಟ್ಟಿ ಬಡಿಯುತ್ತ ದಿನಕ್ಕೆ ನೂರು ಸಲ ಕೂಗಿದ ಹೆಸರು, ಅದು ತಾನಾಗಿ ಬಂತು. ನೀನು ಬೆಟಗೇರಿಯಿಂದ ಕಳಿಸಿದ ವಾಯ್ಸ್ ಮೆಸೇಜು ಒಂಬತ್ತು ಇವೆಯಂತೆ. ಒಂದನ್ನೂ ಕೇಳಿಲ್ಲ. ನಿನ್ನ ದನಿ ಕಿವಿಗೆ ಬಿದ್ದರೆ ನಾನು ಕರಗುತ್ತೇನೆ; ಅದು ನಿನಗೆ ಗೊತ್ತಿರುವುದಕ್ಕೇ ನೀನು ಬರೆಯದೆ ಮಾತಾಡಿ ಕಳಿಸುತ್ತೀಯ. ನಾನಂತೂ ಬರೆಯುತ್ತೇನೆ. ಓದಿ ಹರಿದು ಹಾಕು, ಇಟ್ಟುಕೋ, ಏನಾದರೂ ಮಾಡಿಕೋ.

ನಮ್ಮ ರೊಟ್ಟಿ ಕೇಂದ್ರದ ಕಾರ್ಡುಗಳನ್ನು ನೋಡಿದಾಗಲೆಲ್ಲ ನೀನು ನಗುತ್ತಿದ್ದೆ. ಗದಗಿನ ಪ್ರೆಸ್ಸಿನ ಮಹಬೂಬಸಾಬರು ತಪ್ಪಾಗಿ ಅಚ್ಚಾದ ಲಗ್ನಪತ್ರಿಕೆಗಳ ಕಟ್ಟು ಕೊಡುತ್ತಿದ್ದರಲ್ಲ, ಒಂದರಲ್ಲಿ ವರನ ಹೆಸರು ತಪ್ಪು, ಇನ್ನೊಂದರಲ್ಲಿ ತಾರೀಖು ತಪ್ಪು. ಅವನ್ನು ನಾಲ್ಕು ತುಂಡು ಮಾಡಿ ಖಾಲಿ ಬದಿಯ ಮೇಲೆ ಅವರವರ ಕೆಲಸ ಬರೆದು ಕೈಗೆ ಕೊಡುತ್ತಿದ್ದೆ. ಹನ್ನೊಂದು ಹೆಂಗಸರು, ಬೆಳಿಗ್ಗೆ ಹನ್ನೊಂದು ಕಾರ್ಡು. ಯಾರು ಹಿಟ್ಟು ನಾದಬೇಕು, ಯಾರು ಯಾವ ಒಲೆಗೆ, ಯಾರು ಬುಟ್ಟಿ ಕಟ್ಟಬೇಕು, ಎಷ್ಟು ಹೊತ್ತಿಗೆ ಮನೆಗೆ ಹೋಗಬೇಕು. ಹನಮಂತವ್ವನಿಗೆ ಓದಲು ಬಾರದು ಎಂದು ಅವಳಿಗೆ ಚಿತ್ರ. ಒಮ್ಮೆ ನಾನು ಬರೆದ ಮೆಣಸಿನಕಾಯಿಯನ್ನು ಬದನೆಕಾಯಿ ಎಂದು ತಿಳಿದು ಚಟ್ನಿ ಕುಟ್ಟುವುದು ಬಿಟ್ಟು ಎಲ್ಲರಿಗೂ ಎಣ್ಣೆಗಾಯಿ ಮಾಡಿಟ್ಟಳು, ಪುಣ್ಯಾತಗಿತ್ತಿ. ಬೈಯುತ್ತಲೇ ಎರಡು ಸಲ ಹಾಕಿಸಿಕೊಂಡು ಉಂಡವಳು ನಾನೇ. ಸಂಜೆ ಕೆಲಸ ಮುಗಿದರೆ ಕಾರ್ಡು ಒಲೆಗೆ ಹೋಗುತ್ತಿತ್ತು.

ಕಾಗದ ಕಳೆಯುತ್ತದೆ, ಖರೆ. ಮಾಗಡಿಯ ಕುಬಸದ ಮುನ್ನೂರು ರೊಟ್ಟಿಯ ಕಾರ್ಡು ಹಿಟ್ಟಿನ ಚೀಲದ ಕೆಳಗೆ ಸೇರಿಕೊಂಡು, ಬಸುರಿಯ ಅಣ್ಣ ಟೆಂಪೋ ತಂದು ಬಾಗಿಲಲ್ಲಿ ನಿಂತಾಗ ನಮ್ಮ ಒಲೆಗಳು ತಣ್ಣಗಿದ್ದವು. ನನ್ನ ಮುಖ ಆವತ್ತು ನೋಡುವ ಹಾಗಿರಲಿಲ್ಲ. ನೀನು ಬೆನ್ನ ಮೇಲೆ ಕೈಯಿಟ್ಟು, "ಅಕ್ಕಾ, ಕಾಗದ ಕಳೀತಾವು, ಫೋನಿನ್ಯಾಗ ಬರದ್ದು ಕಳ್ಯೂದಿಲ್ಲ. ನನಗ ಬಿಡು, ನಾ ಎಲ್ಲಾ ಹಾಕತೀನಿ," ಎಂದೆ. ಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಮೊದಲ ತಿಂಗಳು ನನಗೂ ಹಿಡಿಸಿತು. ಗಿರಣಿಗೆ ಜೋಳ ಕಳಿಸುವ ದಿನ ಅದೇ ಗಂಟೆ ಬಾರಿಸಿ ನೆನಪಿಸುತ್ತಿತ್ತು. ಒಂದು ಆರ್ಡರೂ ತಪ್ಪಲಿಲ್ಲ. ಅಡರಕಟ್ಟಿಯಿಂದ ಬಂದ ಅತ್ತಿಗೆಯ ಮುಂದೆ, ನಮ್ಮ ನೀಲಾ ಎಷ್ಟು ಶ್ಯಾಣ್ಯಾಕಿ ನೋಡು ಎಂದು ಹೊಗಳಿಕೊಂಡಿದ್ದೆ.

ಆರ್ಡರು ಆದ ಮೇಲೆ ಹೆಂಗಸರ ಹೆಸರು, ಕೆಲಸಗಳನ್ನೂ ಫೋನಿಗೆ ಹಾಕುವ ಮಧ್ಯಾಹ್ನ ನೀನು ದುರ್ಗಾಳ ಕಾರ್ಡು ಎತ್ತಿ ಹಿಡಿದೆ. "ಇದರ ಮೂಲಿ ಯಾಕ ದಿನಾ ಮಡಚಿರತೈತಿ ಅಕ್ಕಾ?" ಎಂದು ಕೇಳಿದೆ. ಮೂಲೆ ಮಡಚಿದರೆ ಮೂರು ಗಂಟೆಗೆ ಬಿಡುಗಡೆ ಎಂದು ನನಗೂ ಅವಳಿಗೂ ಮಾತ್ರ ಗೊತ್ತಿತ್ತು. ಕುರ್ತಕೋಟಿಯಲ್ಲಿ ಎಂಟನೇ ಇಯತ್ತೆಯವರೆಗೆ ಓದಿ ಲಗ್ನವಾಗಿ ಬಂದವಳು, ಈಗ ಮೂವತ್ಮೂರು. ಮಗಳು ಒಂಬತ್ತನೇ ಕ್ಲಾಸು. "ಆಕಿ ಹತ್ತಕ್ಕ ಬರೂದರೊಳಗ ನಾ ಹತ್ತನೇದು ಪಾಸಾಗಬೇಕಕ್ಕಾ," ಎಂದು ನನ್ನ ಮುಂದೆ ಹೇಳಿದ ದಿನ ಅವಳ ಕೈಯ ಹಿಟ್ಟು ಒಣಗಿಹೋಗಿತ್ತು, ಮಾತು ನಿಂತಿರಲಿಲ್ಲ. ಮನೆಯಲ್ಲಿ ಒಮ್ಮೆ ಬಾಯಿಬಿಟ್ಟಿದ್ದಳಂತೆ. "ರೊಟ್ಟಿ ಬಡ್ಯಾಕ ಗಣಿತ ಬೇಕೇನು?" ಎಂದು ಅತ್ತೆ, ಗಂಡ ಮಾಂತೇಶ, ಇಬ್ಬರೂ ನಕ್ಕರಂತೆ. ಆಮೇಲೆ ಅವಳು ಕೇಳಲಿಲ್ಲ. ಐದರವರೆಗೆ ಕೇಂದ್ರದಲ್ಲಿ ಕೆಲಸ ಎಂದು ಮನೆಯಲ್ಲಿ ಹೇಳಿ, ಮೂರಕ್ಕೆ ಎದ್ದು ಹೇಮಪ್ಪ ಮಾಸ್ತರರ ಮನೆಗೆ ಹೋಗಿ ಲೆಕ್ಕ ಕಲಿಯುತ್ತಿದ್ದಳು. ಎಂಟು ತಿಂಗಳು. ಯಾರಿಗೂ ಹೇಳುವುದಿಲ್ಲ ಎಂದು ನಾನು ಅವಳ ಕೈ ಹಿಡಿದು ಮಾತು ಕೊಟ್ಟಿದ್ದೆ.

ಆ ಮಾತನ್ನು ನಿನ್ನ ಮುಂದೆ ಬಿಟ್ಟುಕೊಟ್ಟೆ. ನೀನು ಕಣ್ಣಲ್ಲಿ ನೀರು ತಂದುಕೊಂಡು, "ಎಂಥಾ ಛಲಗಾತಿ ಅಕ್ಕಾ," ಎಂದೆ. ನನಗೆ ಹೊಟ್ಟೆ ತುಂಬಿದ ಹಾಗಾಯಿತು. ಒಬ್ಬಳೇ ಹೊತ್ತ ಗುಟ್ಟನ್ನು ಇಬ್ಬರು ಹೊತ್ತರೆ ಹಗುರ ಎಂದುಕೊಂಡೆ.

ಕೇಂದ್ರದ ಫೋನಿನಲ್ಲಿ ಹೆಸರಿಗೆ ಒಂದು ಖಾನೆ, ಕೆಲಸಕ್ಕೆ ಒಂದು, ಸಮಯಕ್ಕೆ ಒಂದು, ಬೇಗ ಹೋಗುವವರಿಗೆ ಕಾರಣ ಎಂಬ ಇನ್ನೊಂದು ಖಾನೆ. ನೀನು ಎಲ್ಲ ತುಂಬಿದೆ. ಬೆಳಿಗ್ಗೆ ಅದು ಅವರವರ ನಂಬರಿಗೆ ಹೋಯಿತು. ಆದರೆ ನಮ್ಮ ಹನ್ನೊಂದು ಜನರಲ್ಲಿ ಸ್ವಂತ ಫೋನು ಇರುವುದು ನಾಲ್ವರಿಗೆ. ಉಳಿದವರದು ಗಂಡನ ನಂಬರು, ಮಗನ ನಂಬರು. ನಮ್ಮ ಯಾರ ತಲೆಗೂ ಇದು ಹೊಳೆಯಲಿಲ್ಲವಲ್ಲ, ನೀಲಾ! ಕಾರ್ಡು ಹೆಂಗಸಿನ ಕೈಗೆ ಬರುತ್ತಿತ್ತು, ಇದು ಗಂಡಸಿನ ಕಿಸೆಗೆ ಹೋಯಿತು.

ಮಾಂತೇಶ ಆಗ ಮಾರ್ಕೆಟ್ಟಿನಲ್ಲಿ ಹಮಾಲರ ನಡುವೆ ಚಹಾ ಕುಡಿಯುತ್ತಿದ್ದನಂತೆ. ಅವನ ಗೆಳೆಯನೇ ಫೋನು ಕಸಿದುಕೊಂಡು ಎಲ್ಲರಿಗೂ ಕೇಳುವ ಹಾಗೆ ಓದಿದ: ದುರ್ಗಾ, ಮೂರು ಗಂಟೆಗೆ ಕೆಲಸ ಮುಕ್ತಾಯ, ಕಾರಣ ಹತ್ತನೇ ತರಗತಿ ಟ್ಯೂಷನ್. "ಹೇಂತಿನ್ನ ಶಾಲಿಗೆ ಬಿಡಾಕ ಹೋಗಲಿಲ್ಲೇನಲೇ? ಡಬ್ಬಿ ಕಟ್ಟಿ ಕೊಟ್ಟಿ ಇಲ್ಲೋ?" ಎಂದು ಅವನನ್ನು ಹುರಿದು ತಿಂದರಂತೆ. ಅವನು ನೇರ ನಮ್ಮ ಕೇಂದ್ರಕ್ಕೆ ಬಂದ. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ನನಗೇನು ಬಾಯಿ ಕಡಿಮೆಯೇ? ಫೋನು ನನ್ನ ಮುಖದ ಮುಂದೆ ಹಿಡಿದು, "ಅಮೃತಕ್ಕಾ, ನನ್ನ ಹೇಂತಿ ದಿನಾ ಎಲ್ಲಿ ಹೋಗತಾಳ ಅನ್ನೂದು ನನಗ ಇದು ಹೇಳಬೇಕೇನು? ನೀವೆಲ್ಲಾರೂ ಕೂಡಿ ನನ್ನ ಹುಚ್ಚ ಮಾಡಿದ್ರಿ," ಎಂದ. ದುರ್ಗಾ ಬಡಿಯುತ್ತಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟು, ಕೈ ತೊಳೆಯದೆ ಅವನ ಹಿಂದೆ ಹೋದಳು. ಹೋಗುವಾಗ ನನ್ನನ್ನು ನೋಡಿದಳು, ನಿನ್ನನ್ನಲ್ಲ. ಆವತ್ತಿಗೆ ಅವಳಿಗೆ ಕೇಂದ್ರ ಬಂದ್, ಮಾಸ್ತರರ ಮನೆ ಬಂದ್.

ನೀನು ಅತ್ತೆ. "ಅದು ತಾನ ಹೋಗತೈತಿ ಅಂತ ನನಗೇನ ಗೊತ್ತಕ್ಕಾ, ಖಾನೆ ತುಂಬಲಿಲ್ಲಂದ್ರ ಮುಂದ ಹೋಗೂದ ಇಲ್ಲ ಅದು," ಎಂದು ಎದೆ ಎದೆ ಬಡಿದುಕೊಂಡೆ. ನಾನು ನಂಬಿದೆ. ಮೂರು ದಿನ ನಿನ್ನನ್ನೇ ಸಮಾಧಾನ ಮಾಡಿದೆ, ನನ್ನ ಕರ್ಮ!

ನಾಲ್ಕನೇ ದಿನ ಪಕ್ಕದ ಮನೆಯ ರುಹಿಯನ್ನು ಕೂರಿಸಿಕೊಂಡು ಕೇಂದ್ರದ ಆ ಫೋನು ತೆರೆಸಿದೆ. ದುರ್ಗಾಳ ಹೆಸರನ್ನು ಅಳಿಸೋಣ ಎಂದು, ಅಷ್ಟೇ. ಆ ಹುಡುಗಿ ಒಂದೊಂದೇ ಹೆಸರು ಓದುತ್ತ ಹೋದಳು. ನಿನ್ನ ಹೆಸರು ಬಂತು. ಗುರುವಾರ, ನೀಲಾ, ಒಂದು ಗಂಟೆಗೆ ಕೆಲಸ ಮುಕ್ತಾಯ. ಕಾರಣ ಖಾಲಿ. ಒಂದು ಗುರುವಾರವಲ್ಲ, ಮುಂದಿನ ಏಳು ಗುರುವಾರಕ್ಕೂ ಹಾಗೇ. "ಇದನ್ನು ಖಾಲಿ ಬಿಡಬಹುದೇನವ್ವಾ?" ಎಂದು ಕೇಳಿದೆ. "ಬಿಡಬಹುದಲ್ರಿ ಚಿಗವ್ವಾ, ಯಾರೂ ಒತ್ತಾಯ ಮಾಡೂದಿಲ್ಲ," ಎಂದಳು. ಏಳೂ ಗುರುವಾರವನ್ನು ಇನ್ನೊಮ್ಮೆ ಓದಿಸಿದೆ.

ಗುರುವಾರ ನೀನು ಎಲ್ಲಿಗೆ ಹೋಗುತ್ತಿದ್ದೆ ಎಂಬುದು ನನಗೆ ಗೊತ್ತು. ನಿನ್ನ ಗಂಡನಿಗೆ ಗೊತ್ತಿಲ್ಲ. ಈ ಕಾಗದದಲ್ಲೂ ಅದನ್ನು ಬರೆಯುವುದಿಲ್ಲ. ಯಾರ ಕೈಗೆ ಸಿಗುತ್ತದೋ ಏನೋ. ನಿನ್ನ ಗುಟ್ಟಿಗೆ ಹೇಗೆ ಬಾಗಿಲು ಹಾಕಬೇಕು ಎಂದು ನಿನಗೆ ತಿಳಿದಿತ್ತು. ದುರ್ಗಾಳದಕ್ಕೆ ಬಾಗಿಲು ಹಾಕುವಷ್ಟು ಬೆಲೆ ನೀನು ಕೊಡಲಿಲ್ಲ. ಬೇಕೆಂದೇ ಮಾಡಿದೆ ಎಂದು ನಾನು ಅನ್ನುವುದಿಲ್ಲ. ಬೇಕೆಂದು ಮಾಡಿದ್ದರೆ ಜಗಳಾಡಿ ಮುಗಿಸಬಹುದಿತ್ತು. ನಿನಗೆ ಅವಳ ನೆನಪೇ ಆಗಲಿಲ್ಲ, ಮೇಲೆ ನನ್ನ ಮುಂದೆ ಸುಳ್ಳು ಹೇಳಿ ಅತ್ತೆ. ನೆಚ್ಚಿದ ಎಮ್ಮೆ ಕೋಣ ಈದ ಹಾಗಾಯಿತು ನನ್ನ ಬಾಳು. ಆವತ್ತು ಸಂಜೆ ನಾನು ಬೈದ ಬೈಗುಳ ನಿನಗೆ ನೆನಪಿರಬೇಕು, ಒಂದನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ. ನೀನು ಮರುದಿನವೇ ತಂಗಿಯ ಮನೆಗೆ ಬೆಟಗೇರಿಗೆ ಹೋದೆ. ಆಮೇಲೆ ಆದದ್ದು ನಿನಗೆ ಗೊತ್ತಿಲ್ಲ. ಅದನ್ನು ಹೇಳಲೆಂದೇ ಇಷ್ಟು ಬರೆದೆ.

ಪರೀಕ್ಷೆಗೆ ಎರಡು ದಿನ ಇರುವಾಗ ಹೇಮಪ್ಪ ಮಾಸ್ತರರು ದುರ್ಗಾಳ ಹಾಲ್ ಟಿಕೆಟು ತಂದು ನನ್ನ ಕೈಗಿಟ್ಟರು. ಒಯ್ದೆ. ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಒಳಗೆ ಬಾ ಎನ್ನಲಿಲ್ಲ. ಟಿಕೆಟನ್ನು ಕೈ ಒರೆಸಿಕೊಂಡು ಇಸಿದುಕೊಂಡಳು, ತನ್ನ ಫೋಟೋ ನೋಡಿದಳು. ನಾನು ಇಡೀ ದಾರಿ ಕೂಡಿಸಿಟ್ಟುಕೊಂಡ ಮಾತು ಹೇಳಿದೆ. ಇದರಲ್ಲಿ ನನ್ನದೇನೂ ಇಲ್ಲವ್ವಾ, ನಾನು ಊರಿಗೆ ಹೇಳಲಿಲ್ಲ, ನೀಲಾ ಒಬ್ಬಳಿಗೆ ಹೇಳಿದ್ದೆ, ಮೋಸ ಮಾಡಿದವಳು ಅವಳು, ಎಂದೆ. ನಿನ್ನ ಮೇಲೆ ಎಷ್ಟು ಹಾಕಬಹುದೋ ಅಷ್ಟೂ ಹಾಕಿದೆ.

ಅವಳು ಎಲ್ಲ ಕೇಳಿ, "ನೀಲಕ್ಕಗ ಹೇಳಿದ್ರ ಅದು ಹೇಳಿದಂಗ ಅಲ್ಲೇನಕ್ಕಾ?" ಎಂದಳು.

ಬಂದ ದಾರಿಯಲ್ಲೇ ವಾಪಸು ನಡೆದೆ, ನೀಲಾ.

ಪರೀಕ್ಷೆಗೆ ಅವಳು ಹೋಗಲಿಲ್ಲ. ಮಾಸ್ತರರು ಆರೂ ದಿನ ಗೇಟಿನ ಹತ್ತಿರ ನಿಂತು ಬಂದರು. ಮೊನ್ನೆ ಗಿರಣಿಯಲ್ಲಿ ಸಿಕ್ಕಾಗ ತಡೆಯಲಾರದೆ ಕೇಳಿದೆ, ಇನ್ನೊಂದು ಸಲ ಪರೀಕ್ಷೆ ಇದೆಯಂತಲ್ಲ, ಕಟ್ಟುತ್ತೀಯೇನವ್ವಾ, ಎಂದು. ಸಿಟ್ಟೇನೂ ಇರಲಿಲ್ಲ ಅವಳ ಮುಖದಲ್ಲಿ. ಹಿಟ್ಟಿನ ಡಬ್ಬಿ ತಲೆಗೇರಿಸಿಕೊಂಡು, "ಕಟ್ಟತೀನೋ ಬಿಡತೀನೋ, ನಿನಗ ಹೇಳೂದಿಲ್ಲಕ್ಕಾ," ಎಂದು ನಡೆದಳು. ಅವಳು ಕಟ್ಟಲಿ ಎಂದು ದಿನಾ ದೇವರಿಗೆ ಕೈ ಮುಗಿಯುತ್ತೇನೆ. ಕಟ್ಟಿದರೂ ಪಾಸಾದರೂ ಆ ಖಬರು ಊರಿಗೆಲ್ಲ ತಿಳಿದ ಮೇಲೆಯೇ ನನಗೆ ತಿಳಿಯುತ್ತದೆ.

ಬೆಟಗೇರಿಯಲ್ಲಿ ರೊಟ್ಟಿಗೆ ಹೊಸ ಒಲೆ ಹೂಡಿದ್ದೀಯೆಂದು ಕೇಳಿದೆ; ಅದು ಚೆನ್ನಾಗಿ ಉರಿಯಲಿ, ನಿನ್ನ ಕೈ ಸುಡದಿರಲಿ, ನಿನ್ನ ಗುರುವಾರಗಳು ನಿನ್ನವಾಗಿಯೇ ಉಳಿಯಲಿ. ಸುಖವಾಗಿರು. ಬರಬೇಡ.

ಇನ್ನು ಯಾರೂ ಏನೂ ಹೇಳದ,
ಅಮೃತಕ್ಕ