ಮೂರನೆಯ ದಿನದ ರಕ್ತ

ದಿಗ್ಗೇವಾಡಿ, ನಮ್ಮ ಕುರಿ ತಂಗಿದ ಹೊಲದಿಂದ

ರಕ್ತ ಪರೀಕ್ಷೆಯ ಸುಹಾಸಣ್ಣನವರಿಗೆ ರಾಜೇಶ್ವರಿಯ ನಮಸ್ಕಾರ.

ನನ್ನ ಮಗ ಬಾಳೇಶನ ರಕ್ತದಲ್ಲಿ ಮಲೇರಿಯಾ ಹುಳುಗಳು ಸೊನ್ನೆಗೆ ಇಳಿದಿವೆ ಎಂದು ಚೀಟಿ ಕಳಿಸಿದ್ದೀರಿ. ಅದನ್ನು ನಂಬಬೇಡಿ. ಗುಳಿಗೆ ಶುರುಮಾಡಿದ ಮೂರನೆಯ ದಿನ ನೀವು ಮತ್ತೆ ರಕ್ತ ತೆಗೆಯಲು ಬಂದಾಗ ಅವನು ಕಂಬಳಿಯೊಳಗೆ ಆಗಷ್ಟೇ ನಿದ್ದೆ ಹೋಗಿದ್ದ. “ಮತ್ತ ಆ ಕೂಸಿಗೆ ಯಾಕ ಚುಚ್ಚಸ್ತಿ? ಅವಳಿ ಮಕ್ಕಳು, ಇಬ್ಬರ ರಕ್ತಾನೂ ಒಂದ ಐತಿ” ಎಂದರು ಅತ್ತೆ. ಅವನ ಟೋಪಿಯನ್ನು ಅವನ ಅವಳಿ ಭಾಗ್ಯಾಳಿಗೆ ಹಾಕಿ, ಅವಳ ಬೆರಳನ್ನು ನಿಮ್ಮ ಮುಂದೆ ಹಿಡಿದವಳು ನಾನೇ.

ಈಗ ಅವನಿಗೆ ಮತ್ತೆ ಚಳಿಜ್ವರ. ನಾಳೆ ನಮ್ಮವರು ಕುರಿ ಹೊಡೆದುಕೊಂಡು ಮುಂದಿನ ಊರಿಗೆ ಹೋಗುತ್ತಾರೆ, ನಾನು ಹೋಗುವುದಿಲ್ಲ. ದಯವಿಟ್ಟು ಇಂದೇ ಬನ್ನಿ. ನನ್ನನ್ನು ಆಮೇಲೆ ಬೈಯಿರಿ. ಮೊದಲು ಟೋಪಿ ತೆಗೆಸಿ, ಮುಖ ನೋಡಿ ಚುಚ್ಚಿ.

ನಿಮ್ಮ ದಾರಿ ನೋಡುತ್ತಿರುವ,
ರಾಜೇಶ್ವರಿ