ಅವ್ವ ಹಿಡಿದ ಲಾಡ್ಜ್

ಮುಂಬಯಿ, ೧೪-೫-೯೩

ಅಣ್ಣಾ, ಇಲ್ಲಿ ಅವ್ವ, ಹುಡುಗೋರು, ನಾವು ಗಂಡ ಹೇಣ್ತಿ ಎಲ್ಲಾರೂ ಆರಾಮ ಅದೀವಿ. ಹುಡುಗೋರಿಗೆ ತೋರಸಾಕ ಬಂದ ಆಟದ ಪಾರ್ಕಿನ ಹತ್ರನ ಲಾಡ್ಜ್ ಹುಡಕೋಣು ಅಂದ್ರ ಅವ್ವ ಕೇಳಲಿಲ್ಲ. ಸ್ಟೇಷನ್ ಬಾಜೂಕಿನ ಲಾಡ್ಜಿನಾಂವ “ಸಸ್ತಾ ಐತಿ, ಪಾರ್ಕಿಗೆ ನಡಕೋತ ಹೋಗಬಹುದು” ಅಂದದ್ದ ತಡಾ, ಅಲ್ಲೇ ಗಂಟು ಇಳಿಸಿದಳು. ಪ್ರತಿ ವರ್ಷ ದಿಂಡಿ ಯಾತ್ರಿಕರ ಕೂಡ ಪಂಢರಪುರಕ್ಕ ನಡಿಯಾಕಿಗೆ ಪಾರ್ಕಿನ ಒಂದು ಹರದಾರಿ ಹಾದಿ, ಮೂರು ಮೈಲಿ, ಅಂದ್ರ ಅಂಗಳ ದಾಟಿದಂಗ.

ನಿನ್ನೆ ಬಿಸಲಾಗ ನಡದು ಮುಟ್ಟೂದ್ರಾಗ ಹುಡುಗೋರು ಗೇಟಿನ ಒಳಗ ಹುಲ್ಲಿನ ಮ್ಯಾಲ ನಿದ್ದಿ ಹೋದ್ವು. ನನ್ನ ಹಿಮ್ಮಡಕ್ಕ ಗುಳ್ಳಿ ಎದ್ದಾವ. ಮುಗಿಲೆತ್ತರದ ತಿರಗು ತೊಟ್ಟಲದಾಗ ಅವ್ವ ಒಬ್ಬಾಕಿನ ಕುಂತಳು. ಇಳದು ಬಂದು ಏನಂದಳು ಗೊತ್ತೇನು? “ರಾವಸಾಬ, ಪಾರ್ಕಿನ ಗ್ವಾಡಿಗೆ ಹತ್ತಿನ ಒಂದು ಲಾಡ್ಜ್ ಐತಲ್ಲೋ!” ಹೋಗಿ ಕೇಳಿದ್ರ ದರಾನೂ ಅಷ್ಟ. ಸಿಟ್ಟು ನುಂಗಿಕೊಂಡು ಮತ್ತ ನಡದು ಹೋಗಿ ಗಂಟುಮೂಟಿ ತಂದೆ. ಇಲ್ಲಿ ನಮಗೆಲ್ಲಾ ಸುಖ ಆತು. ಅವ್ವಗಷ್ಟ ಬ್ಯಾಸರ, ನಡಿಯಾಕ ಹಾದಿನ ಇಲ್ಲಂತ.

ರವಿವಾರ ಮುಂಜಾನೆ ಮಿರಜ ಸ್ಟೇಷನ್ನಿಗೆ ತಪ್ಪದ ಜೀಪು ಕಳಸು. ಇಲ್ಲಂದ್ರ ಅವ್ವ “ನಮ್ಮೂರು ಕಾಗವಾಡ ಇಲ್ಲೇ ಐತಿ, ನಡೀರಿ” ಅಂತಾಳ.

ನಿನ್ನ ತಮ್ಮ,
ರಾವಸಾಹೇಬ